ಹಡಗಿಗೆ ಹೋದ ಸುಣ್ಣ

ಹಡಗಿಗೆ ಟೊಮೆಟೊ ಕಳಿಸುತ್ತೇವೆ ಎಂದು ನಾನು ಹೇಳಿದ ದಿನ ಜಂಗಮಕೋಟೆಯಲ್ಲಿ ಯಾರ್ಯಾರು ನಕ್ಕರು ಎಂಬುದು ನನಗೆ ಇವತ್ತಿಗೂ ಹೆಸರು ಹಿಡಿದು ನೆನಪಿದೆ. ಡೈರಿ ಮುಂದೆ ಹಾಲಿನ ಕ್ಯಾನು ಹಿಡಿದು ನಿಂತಿದ್ದವನೊಬ್ಬ, "ತನುಜಮ್ಮ, ನಮ್ಮೂರ ಕೆರೆಗೆ ಹಡಗು ಯಾವಾಗ ಬರುತ್ತಂತೆ?" ಎಂದು ಕೇಳಿದ. ಮೊದಲು ನಿನ್ನ ಹಾಲಿಗೆ ಕೆರೆ ನೀರು ಬೆರೆಸೋದು ಬಿಡು, ಆಮೇಲೆ ಹಡಗಿನ ವಿಷಯ ಮಾತಾಡೋಣ ಎಂದು ಹೇಳಿ ಬಂದೆ. ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ. ಈ ಕಥೆಯಲ್ಲಿ ಅದರಿಂದ ನನ್ನ ಬಾಯೇ ಸುಟ್ಟಿತು, ಅದನ್ನೂ ಮುಚ್ಚಿಡುವುದಿಲ್ಲ.

ಹಡಗಿನ ದಾರಿ ತೋರಿಸಿದವನು ಕೆಂಚಾರ್ಲಹಳ್ಳಿಯ ವೆಂಕಟೇಶ್. ಚಿಂತಾಮಣಿಯಲ್ಲಿ ಪಿಯುಸಿ ಓದುವಾಗ ನನ್ನ ಕ್ಲಾಸಿನಲ್ಲಿದ್ದ. ಈಗ ಚೆನ್ನೈ ಬಂದರಿನಲ್ಲಿ ಹಡಗುಗಳಿಗೆ ಸಾಮಾನು ಒದಗಿಸುವ ಒಂದು ಕಂಪನಿಯಲ್ಲಿ ಕೆಲಸ. ಬಂದರಿಗೆ ಬರುವ ಹಡಗೆಲ್ಲ ದಡಕ್ಕೆ ಬಂದು ನಿಲ್ಲುವುದಿಲ್ಲವಂತೆ. ಎಷ್ಟೋ ಹಡಗುಗಳು ಹತ್ತು ಹದಿನೈದು ಕಿಲೋಮೀಟರ್ ಆಚೆ ಸಮುದ್ರದಲ್ಲೇ ಲಂಗರು ಹಾಕಿ ಐದಾರು ಗಂಟೆ ನಿಂತು ಹೊರಟುಬಿಡುತ್ತವೆ. ಅಷ್ಟರೊಳಗೆ ಇವರ ಬೋಟು ಹೋಗಿ ಕುಡಿಯುವ ನೀರು, ಎಂಜಿನ್ ಆಯಿಲ್ಲು, ಹಗ್ಗ, ಔಷಧಿ, ತರಕಾರಿ ಎಲ್ಲ ಏರಿಸಿ ಬರಬೇಕು. ಒಮ್ಮೆ ಯಾರದೋ ಹುಟ್ಟುಹಬ್ಬದ ಕೇಕನ್ನೂ ಮಡಿಲಲ್ಲಿಟ್ಟುಕೊಂಡು ಹೋಗಿದ್ದನಂತೆ. "ಹಡಗು ಯಾರಿಗೂ ಕಾಯಲ್ಲ ಕಣೇ. ಆಮೇಲೆ ಇಪ್ಪತ್ತು ದಿನ ಬರೀ ನೀರು. ತರಕಾರಿ ಕೊಳೆತ್ರೆ ಅವರು ಯಾವ ಅಂಗಡಿಗೆ ಹೋಗ್ತಾರೆ ಹೇಳು" ಎಂದ.

ಅವನಿಗೆ ಬೇಕಾಗಿದ್ದದ್ದು ಮಾರ್ಕೆಟ್ಟಿನ ಮಾಲಲ್ಲ. ಹೊಲದಿಂದ ನೇರವಾಗಿ, ಒಂದೊಂದನ್ನೂ ಕೈಯಲ್ಲಿ ಹಿಡಿದು ನೋಡಿ ಆರಿಸಿದ ಮಾಲು. ಟೊಮೆಟೊ ಕೆಂಪಗಿರಬಾರದು, ದೋರೆಗಾಯಿಯಾಗಿರಬೇಕು. ಕೋಸಿನ ಹೊರಗಿನ ಎಲೆ ಬಿಡಿಸಬಾರದು. ಆಲೂಗಡ್ಡೆ ತೊಳೆಯಬಾರದು. ಒಂದು ಹಡಗಿಗೆ ಕಳಿಸಿ ನೋಡಿ, ಚೆನ್ನಾಗಿದ್ದರೆ ತಿಂಗಳಿಗೆ ನಾಲ್ಕೈದು ಹಡಗು ಕೊಡಿಸುತ್ತೇನೆ, ಕೆಟ್ಟರೆ ಕಂಪನಿ ಮತ್ತೆ ನಿಮ್ಮ ಹೆಸರೆತ್ತುವುದಿಲ್ಲ ಎಂದ.

ನಾವು ಒಂಬತ್ತು ಹೆಂಗಸರು. ಡೈರಿಯವರ ಹಳೆಯ ಕೋಣೆಯೊಂದನ್ನು ಪಂಚಾಯಿತಿಯವರು ಮೂರು ತಿಂಗಳ ಮಟ್ಟಿಗೆ ನಮ್ಮ ಸಂಘಕ್ಕೆ ಬಿಟ್ಟಿದ್ದರು. ಮೂರನೆಯ ತಿಂಗಳು ಮುಗಿಯುತ್ತಾ ಬಂದಿತ್ತು, ನಮ್ಮ ಕೈಯಲ್ಲಿ ಹೇಳಿಕೊಳ್ಳುವಂಥ ಕೆಲಸ ಒಂದೂ ಇರಲಿಲ್ಲ. ಈ ಹಡಗು ತಪ್ಪಿದರೆ ಕೋಣೆಗೆ ಬೀಗ. ಒಂಬತ್ತು ಜನರಲ್ಲಿ ಐದು ಜನ ಶಿಡ್ಲಘಟ್ಟದ ರೇಷ್ಮೆ ನೂಲು ತೆಗೆಯುವ ರೀಲಿಂಗ್ ಯೂನಿಟ್ಟುಗಳಿಂದ ಬಿಡಿಸಿಕೊಂಡು ಬಂದವರು. ಅಲ್ಲಿ ಬೆಳಗಿನಿಂದ ಸಂಜೆಯವರೆಗೆ ಬಿಸಿನೀರಲ್ಲಿ ಕೈ ಅದ್ದಿ ಗೂಡಿನ ಎಳೆ ಹಿಡಿಯಬೇಕು. ಮುನಿಶಾಮಮ್ಮನ ಬೆರಳುಗಳ ಚರ್ಮ ಸುಲಿದು, ಮನೆಯಲ್ಲಿ ಸಾರಿಗೆ ಉಪ್ಪು ಹಾಕಲೂ ಅವಳು ಚಮಚ ಹುಡುಕುತ್ತಿದ್ದಳು. ಮೂರು ತಿಂಗಳಲ್ಲಿ ಆ ಕೈ ವಾಸಿಯಾಗಿತ್ತು. ಆದರೂ ಯಾವುದಕ್ಕೂ ಇರಲಿ ಎಂದು ಸೋಮವಾರದಿಂದ ಬರುತ್ತೇನೆ ಎಂದು ಹಳೆಯ ಯೂನಿಟ್ಟಿಗೆ ಹೇಳಿಬಂದಿದ್ದಳು. ಅದು ಗೊತ್ತಾದಾಗ ನಾನು ಅವಳಿಗೆ ಸಿಕ್ಕಾಪಟ್ಟೆ ಬೈದೆ. ಬೈದದ್ದು ಭಯಕ್ಕೆ.

ಇನ್ನು ನಮ್ಮತ್ತೆ ಕೊಂಡಮ್ಮ. ನಲವತ್ತು ವರ್ಷ ರೇಷ್ಮೆ ಹುಳ ಸಾಕಿದ ಕೈ. ಹುಳದ ವಿಷಯದಲ್ಲಿ ರೇಷ್ಮೆ ಇಲಾಖೆಯವರೇ ಅವರನ್ನು ಕೇಳಿ ಹೋಗುತ್ತಿದ್ದರು, ಸರಿ. ಆದರೆ ಅವರಿಗೆ ಪ್ರಪಂಚವೆಲ್ಲ ಹುಳದ ಮನೆಯೇ. ಮೊಮ್ಮಗಳಿಗೆ ನೆಗಡಿಯಾದರೂ ಹುಳಕ್ಕೆ ಗಾಳಿ ಬಿಡುವ ಲೆಕ್ಕದಲ್ಲೇ ಕಿಟಕಿ ತೆಗೆದು ಮುಚ್ಚುತ್ತಾರೆ. ನಾನು ಆ ಮನೆಗೆ ಸೊಸೆಯಾಗಿ ಬಂದು ಹದಿನೆಂಟು ವರ್ಷ. ನೀವು ಹೇಳಿದ್ದು ಸರಿ ಅತ್ತೆ ಎಂದು ನಾನು ಒಂದು ಸಲವೂ ಹೇಳಿದವಳಲ್ಲ. ಅವರೂ ನನಗೆ ಹೇಳಿದವರಲ್ಲ, ಲೆಕ್ಕ ಸಮವಾಗಿತ್ತು.

ಡಬ್ಬ ಕಟ್ಟುವ ದಿನ ಮಧ್ಯಾಹ್ನ ಜಿಟಿಜಿಟಿ ಮಳೆ ಹಿಡಿಯಿತು. ಹೊಲದಿಂದ ಬಂದ ಕಾಯಿಗಳನ್ನೆಲ್ಲ ಬಟ್ಟೆಯಲ್ಲಿ ಒರೆಸಿ ಹರವಿದ್ದೆವು. ಅತ್ತೆ ಒಂದು ರಟ್ಟಿನ ಡಬ್ಬದ ತಳಕ್ಕೆ ಅಂಗೈ ಒತ್ತಿ ನೋಡಿದರು.

"ತನೂ, ತಳ ಥಣ್ಣಗೈತೆ ಕಣಮ್ಮ. ಸ್ವಲ್ಪ ಸುಣ್ಣ ಉದುರ್ಸೋಣ?"

ಹುಳಗಳು ಪೊರೆ ಬಿಡಲು ಮೇವು ನಿಲ್ಲಿಸಿ ಅಲ್ಲಾಡದೆ ಕೂರುವುದಕ್ಕೆ ನಮ್ಮ ಕಡೆ ಜ್ವರ ಎನ್ನುತ್ತಾರೆ. ಆಗ ತಟ್ಟೆಯ ಮೇಲೆ ಸುಣ್ಣದ ಪುಡಿ ಉದುರಿಸುತ್ತಾರೆ, ಉಳಿದ ಸೊಪ್ಪಿನ ತೇವವನ್ನು ಅದು ಎಳೆದುಕೊಳ್ಳಲಿ ಎಂದು. ಅತ್ತೆ ಹೇಳಿದ್ದು ಆ ಸುಣ್ಣ.

"ಇದು ಹುಳ ಅಲ್ಲ ಅತ್ತೆ, ಟೊಮೆಟೊ. ಅದಕ್ಕೆ ಜ್ವರ ಬರಲ್ಲ. ದಯವಿಟ್ಟು ನೀವು ಯಾವುದಕ್ಕೂ ಕೈ ಹಾಕ್ಬೇಡಿ" ಎಂದೆ. ಎಂಟು ಜನರ ಮುಂದೆ ಹಾಗೆ ಹೇಳಬಾರದಿತ್ತು.

ಲೇಬಲ್ಲು, ಪಟ್ಟಿ ಪ್ರಿಂಟು ಹಾಕಿಸಲು ನಾನು ಶಿಡ್ಲಘಟ್ಟಕ್ಕೆ ಹೋಗಿ ಬರುವಷ್ಟರಲ್ಲಿ ಎರಡು ಗಂಟೆ ಹಿಡಿಯಿತು. ಬಂದು ನೋಡಿದರೆ ಅರವತ್ತನಾಲ್ಕು ಡಬ್ಬವೂ ತುಂಬಿ, ಟೇಪು ಹಚ್ಚಿ, ಗೋಡೆಗೆ ಸಾಲಾಗಿ ನಿಂತಿದ್ದವು. ಮುನಿಶಾಮಮ್ಮ ನೆಲ ನೋಡುತ್ತಿದ್ದಳು. ಅತ್ತೆ ಕೈ ತೊಳೆಯುತ್ತಿದ್ದರು. ಅಷ್ಟು ಉಜ್ಜಿ ಉಜ್ಜಿ ಯಾಕೆ ತೊಳೆಯುತ್ತಿದ್ದಾರೆ ಎಂದು ನಾನು ಕೇಳಬೇಕಿತ್ತು.

ನನ್ನ ಗಂಡ ನಾಗರಾಜ್ ಪಿಕಪ್ ಓಡಿಸಿಕೊಂಡು ಬಂದ. ಬೆಳಿಗ್ಗೆ ಚೆನ್ನೈ ಸೇರಿದೆವು. ಮೊದಲ ಸಲವಾದ್ದರಿಂದ ಮಾಲು ಕಟ್ಟಿದವರು ಒಬ್ಬರು ಬಂದು ಹಡಗಿನಲ್ಲಿ ಹೇಗೆ ಇಳಿಸಿಕೊಳ್ಳುತ್ತಾರೆ ನೋಡಲಿ ಎಂದು ವೆಂಕಟೇಶ್ ವಾರದ ಹಿಂದೆಯೇ ನನ್ನ ಹೆಸರಲ್ಲಿ ಪಾಸು ಮಾಡಿಸಿದ್ದ. ಬೋಟಿಗೂ ಸೇರಿ, ಹಡಗಿಗೂ ಸೇರಿ, ಒಬ್ಬರಿಗೆ ಮಾತ್ರ. ನಾಗರಾಜ್ ಗೇಟಿನ ಹೊರಗೆ ಉಳಿದ. "ಹುಷಾರು, ಅಲ್ಲಿ ಯಾರ ಮೇಲೂ ರೇಗ್ಬೇಡ" ಎಂದು ಹೇಳಿ ಕಳಿಸಿದ. ಹೆಂಡತಿ ಸಮುದ್ರಕ್ಕೆ ಹೋಗುವಾಗ ಗಂಡನಾದವನು ಹೇಳುವ ಮಾತು ಅದು.

ಬೋಟಿನಲ್ಲಿ ವೆಂಕಟೇಶ್ ಜೊತೆಗೆ ಬಂದ. ಬೋಟು ನಡೆಸುವವರು ಪಾಪಯ್ಯ ಎಂಬ ಹಿರಿಯರು, ತೆಲುಗಿನವರು. ನಮ್ಮ ಕಡೆ ತೆಲುಗು ಬಾರದವರು ಯಾರಿದ್ದಾರೆ, ನನಗೆ ಅರ್ಧ ಧೈರ್ಯ ಅಲ್ಲೇ ಬಂತು. ನೀರಿನ ಪೀಪಾಯಿ, ಆಯಿಲ್ ಡ್ರಮ್ಮು, ತೊಡೆ ದಪ್ಪದ ಹಗ್ಗದ ಸುರುಳಿ, ಬೇರೆ ಕಡೆಯಿಂದ ಬಂದ ಹಣ್ಣು ಮತ್ತು ಕೋಸಿನ ಡಬ್ಬಗಳು, ಅವುಗಳ ಪಕ್ಕದಲ್ಲಿ ನಮ್ಮ ಅರವತ್ತನಾಲ್ಕು. ನನಗೆ ಕಿತ್ತಳೆ ಬಣ್ಣದ ಜಾಕೆಟ್ಟು ತೊಡಿಸಿ ಹಗ್ಗದ ಸುರುಳಿಯ ಮೇಲೆ ಕೂರಿಸಿದರು. ದಡ ದಾಟಿದ ಮೇಲೆ ಬೋಟು ಏಳುವುದು, ಬೀಳುವುದು. ನಾನು ಎದ್ದು ನಿಂತು ನೋಡಲು ಹೋದೆ.

"ಅಮ್ಮಾ, ಕೂರ್ಚೋಂಡಿ" ಎಂದರು ಪಾಪಯ್ಯ, ತಿರುಗಿಯೂ ನೋಡದೆ. ಕೂತೆ. ಬೆಳಿಗ್ಗೆ ತಿಂದ ಎರಡು ಇಡ್ಲಿ ಸಮುದ್ರಕ್ಕೆ ಹೋದವು.

ಹಡಗು ಹತ್ತಿರವಾಯಿತು. ದೂರದಿಂದ ಊರಾಚೆಯ ಗುಡ್ಡದ ಹಾಗೆ ಕಂಡದ್ದು ಪಕ್ಕಕ್ಕೆ ಬಂದಾಗ ಬರೀ ಕಬ್ಬಿಣದ ಗೋಡೆ. ಮೇಲಿನಿಂದ ಕ್ರೇನು ಒಂದು ದೊಡ್ಡ ಬಲೆ ಇಳಿಸಿತು. ಪಾಪಯ್ಯನವರ ಹುಡುಗರು ಅದರಲ್ಲಿ ಡಬ್ಬ ಜೋಡಿಸಿದರು. ನಮ್ಮ ಹನ್ನೆರಡು ಡಬ್ಬ ತೂಗಾಡುತ್ತಾ ಆಕಾಶಕ್ಕೆ ಹೋದವು. ಮಗಳನ್ನು ಮೊದಲ ದಿನ ಸ್ಕೂಲಿಗೆ ಕಳಿಸಿದಾಗ ಆದ ಸಂಕಟ ಆಯಿತು ನನಗೆ.

ಐದು ನಿಮಿಷ ಏನೂ ಇಲ್ಲ. ಆಮೇಲೆ ವೆಂಕಟೇಶನ ಕೈಯಲ್ಲಿದ್ದ ವಾಕಿಟಾಕಿಯಲ್ಲಿ ಯಾರೋ ಜೋರಾಗಿ ಇಂಗ್ಲಿಷಿನಲ್ಲಿ ಮಾತಾಡಿದರು. ಅವನ ಮುಖ ಬಿಳುಚಿಕೊಂಡಿತು.

"ತನುಜ, ಡಬ್ಬದೊಳಗೆ ಏನ್ ಹಾಕಿದ್ದೀರಾ? ಬಿಳೀ ಪುಡಿ ಇದೆಯಂತೆ. ಬಿಚ್ಚಿದ ಎಲ್ಲಾ ಡಬ್ಬದಲ್ಲೂ ಇದೆಯಂತೆ. ತರಕಾರಿ ಒಂದೂ ಬೇಡ, ವಾಪಸ್ ತಗೊಂಡು ಹೋಗಿ ಅಂತಿದ್ದಾರೆ."

ಯಾರ ಕೆಲಸ ಎಂದು ನನಗೆ ಯಾರೂ ಹೇಳಬೇಕಾಗಿರಲಿಲ್ಲ. ಉಜ್ಜಿ ಉಜ್ಜಿ ತೊಳೆಯುತ್ತಿದ್ದ ಆ ಕೈ ಕಣ್ಣ ಮುಂದೆ ಬಂತು. ತಳಕ್ಕೆ ಸುಣ್ಣ ಉದುರಿಸಿ, ಮೇಲೆ ಪೇಪರು ಹಾಸಿ, ಅದರ ಮೇಲೆ ತುಂಬಿಸಿದ್ದಾರೆ. ಮುನ್ನೂರು ಕಿಲೋಮೀಟರ್ ಪಿಕಪ್ಪಿನಲ್ಲಿ ಕುಲುಕಿ ಪುಡಿ ಮೇಲೆದ್ದಿದೆ. ಅತ್ತೆಯನ್ನು ಮನಸ್ಸಿನಲ್ಲೇ ಬೈದೆ. ಕನ್ನಡದಲ್ಲಿ ಸಾಲದೆ ತೆಲುಗಿನಲ್ಲೂ ಬೈದೆ.

"ಸುಣ್ಣ ಅಂತ ಹೇಳೋ."

"ಹೇಳ್ದೆ. ನಂಬ್ತಾ ಇಲ್ಲ. ಊಟದ ಸಾಮಾನಿನ ಮೇಲೆ ಗೊತ್ತಿಲ್ಲದ ಪುಡಿ ಇದ್ರೆ ಹತ್ತಿಸ್ಕೊಳ್ಳೋ ಹಾಗಿಲ್ಲ, ಅದು ಅವರ ರೂಲ್ಸು. ನಾಲ್ಕು ಗಂಟೆಗೆ ಹಡಗು ಹೊರಡುತ್ತೆ. ಮುಗೀತು ಬಿಡು."

ಮುಗೀತು ಎಂದ ಆ ಮಾತಿಗೆ ಕೋಣೆಗೆ ಬೀಗ ಹಾಕಿದ್ದು ಕಂಡಿತು. ಸೋಮವಾರ ಬೆಳಿಗ್ಗೆ ಬಸ್ ಸ್ಟಾಪಿನಲ್ಲಿ ಮುನಿಶಾಮಮ್ಮ ಸೆರಗು ಹೊದ್ದು ನಿಂತದ್ದು ಕಂಡಿತು. ಅಳು ಬಂತು, ಅಳುವಿನ ಹಿಂದೆಯೇ ಸಿಟ್ಟು ಬಂತು.

ಪಾಪಯ್ಯನವರ ದವಡೆ ಆಡುತ್ತಿತ್ತು. ಅವರ ಸೊಂಟದಲ್ಲಿ ಎಲೆಯಡಿಕೆಯ ಚೀಲ ಇತ್ತು. "ಅಯ್ಯಾ, ಮೂಡು ಆಕುಲು ಇಯ್ಯಂಡಿ" ಎಂದು ಕೇಳಿದೆ. ಯಾಕೆ ಎಂದು ಕೇಳದೆ ಮೂರು ಎಲೆ, ಒಂದಿಷ್ಟು ಅಡಿಕೆ ಕೊಟ್ಟರು. ಅವನ್ನು ಜಾಕೆಟ್ಟಿನೊಳಗೆ ತುರುಕಿಕೊಂಡು, "ನಡಿ ಮೇಲೆ, ಡಬ್ಬ ಕಟ್ಟಿದವರು ಬಂದು ಮಾತಾಡ್ತಾರೆ ಅಂತ ಹೇಳು" ಎಂದು ವೆಂಕಟೇಶನಿಗೆ ಹೇಳಿದೆ. ಹಡಗಿನ ಪಕ್ಕಕ್ಕೆ ಏಣಿಯಂಥ ಮೆಟ್ಟಿಲು ಇಳಿಬಿಟ್ಟಿದ್ದರು. ನಲವತ್ತೆರಡು ಮೆಟ್ಟಿಲು. ಕೆಳಗೆ ನೋಡಬಾರದೆಂದು ಎಣಿಸಿಕೊಂಡು ಹತ್ತಿದ್ದಕ್ಕೆ ಸಂಖ್ಯೆ ಗೊತ್ತು.

ಮೇಲೆ ಚೀಫ್ ಆಫೀಸರ್ ನಿಂತಿದ್ದ, ಎತ್ತರದ ಆಸಾಮಿ, ಮುಖದಲ್ಲಿ ನಗು ಎಂಬುದಿಲ್ಲ. ಪಕ್ಕದಲ್ಲಿ ಏಪ್ರನ್ ಕಟ್ಟಿದ ಗಿಡ್ಡ ಅಡುಗೆಯವ. ಅವನದು ಫಿಲಿಪೀನ್ಸ್ ಎಂದು ಆಮೇಲೆ ತಿಳಿಯಿತು. ನಡುವೆ ನಮ್ಮ ಡಬ್ಬ ಬಾಯಿ ತೆರೆದುಕೊಂಡು ಕೂತಿತ್ತು, ಕೋಸಿನ ಮೇಲೆ ಬೆಳ್ಳಗೆ ಪುಡಿ. ನೋಡಿದರೆ ನನಗೇ ಔಷಧಿ ಹೊಡೆದ ಹಾಗೆ ಕಂಡಿತು, ಅವರನ್ನು ಹೇಗೆ ದೂರಲಿ.

ಎಲೆ ತೆಗೆದು ಅಂಗೈಮೇಲೆ ಹಾಸಿಕೊಂಡೆ. ಡಬ್ಬದ ತಳಕ್ಕೆ ಕೈ ಹಾಕಿ, ಆ ಪುಡಿಯನ್ನು ತೆಗೆದು, ಎಲ್ಲರೂ ನೋಡಲಿ ಎಂದು ಎಲೆಯ ತುಂಬ ಬಳಿದು, ಅಡಿಕೆ ಇಟ್ಟು ಮಡಚಿ ಬಾಯಿಗೆ ಹಾಕಿಕೊಂಡು ಅಗಿದೆ.

ಎಲೆಗೆ ಸುಣ್ಣ ಎಷ್ಟು ಹಾಕಬೇಕು ಎಂಬುದು ನಮ್ಮ ಕಡೆ ಚಿಕ್ಕ ಮಕ್ಕಳಿಗೂ ಗೊತ್ತು. ಉಗುರ ತುದಿಯಷ್ಟು. ನಾನು ಸಿಟ್ಟಿನಲ್ಲಿ ಗೋಡೆಗೆ ಬಳಿಯುವಷ್ಟು ಹಾಕಿಕೊಂಡಿದ್ದೆ. ಎರಡು ಸಲ ಅಗಿಯುವಷ್ಟರಲ್ಲಿ ನಾಲಿಗೆಗೆ ಬೆಂಕಿ ಬಿತ್ತು. ಕಣ್ಣಲ್ಲಿ ನೀರು ಧಾರೆಯಾಗಿ ಇಳಿಯಿತು. ಉಗಿಯುವ ಹಾಗಿಲ್ಲ, ನುಂಗುವ ಹಾಗಿಲ್ಲ. ಅಧಿಕಾರಿ ಹಿಂದಕ್ಕೆ ಸರಿದು ಏನೋ ಕೂಗಿದ. ಒಬ್ಬ ನಾವಿಕ ಔಷಧಿ ಪೆಟ್ಟಿಗೆ ತರಲು ಓಡಿದ.

"ಏನ್ ಮಾಡ್ಕೊಂಡೆ ಮಾರಾಯ್ತಿ, ವಿಷ ಅಂತ ಇವರೇ ಸಾಕ್ಷಿ ಹೇಳ್ತಾರೆ ಈಗ" ಎಂದ ವೆಂಕಟೇಶ್. ಅವನಿಗೆ ಉತ್ತರ ಕೊಡಲು ನನಗೆ ನಾಲಿಗೆ ಇರಲಿಲ್ಲ. ನಾನೇ ಕೈಯಾರೆ ಎಲ್ಲ ಹಾಳು ಮಾಡಿದೆ ಎಂದುಕೊಂಡೆ. ಅತ್ತೆ ಹಾಕಿದ್ದು ಹಿಡಿಯಷ್ಟು ಪುಡಿ, ಅದಕ್ಕೆ ಬೆಂಕಿ ಹಚ್ಚಿದವಳು ನಾನು.

ಆಗ ಆ ಅಡುಗೆಯವ ನಗಲು ಶುರು ಮಾಡಿದ. ಕಂಬಿ ಹಿಡಿದುಕೊಂಡು, ಹೊಟ್ಟೆ ಹಿಡಿದುಕೊಂಡು ನಕ್ಕ. ನನ್ನ ಕೈಯಲ್ಲಿ ಉಳಿದಿದ್ದ ಎಲೆಯೊಂದನ್ನು ಕೇಳಿ ತೆಗೆದುಕೊಂಡ. ಕಿರುಬೆರಳ ಉಗುರಿನಿಂದ ಡಬ್ಬದ ಸುಣ್ಣ ಒಂದಿಷ್ಟು ಎತ್ತಿ, ಎಲೆಯ ಬೆನ್ನಿಗೆ ತೆಳ್ಳಗೆ ಸವರಿ, ಅಡಿಕೆ ಇಟ್ಟು, ನಮ್ಮಜ್ಜಿಯಂದಿರು ಮಡಚುವ ಹಾಗೆ ಮಡಚಿ ದವಡೆಗೆ ಒತ್ತಿಕೊಂಡ. ಸ್ವಲ್ಪ ಹೊತ್ತು ಅಗಿದು, ಕೆಂಪಗಾದ ನಾಲಿಗೆಯನ್ನು ಅಧಿಕಾರಿಯ ಮುಂದೆ ಚಾಚಿದ.

"ಅವರಜ್ಜಿ ಬೆಟ್ಟದ ಊರಲ್ಲಿ ದಿನಾ ತಿಂತಿದ್ರಂತೆ" ಎಂದ ವೆಂಕಟೇಶ್, ಅವನಿಗೂ ಈಗ ಉಸಿರು ಬಂದಿತ್ತು. "ಇದೇ ಸುಣ್ಣ, ಇದೇ ಎಲೆ. ಈ ಯಮ್ಮನಿಗೆ ತಿನ್ನೋಕೆ ಬರಲ್ಲ, ಅಷ್ಟೇ ಅಂತಿದ್ದಾರೆ."

ಅವಮಾನವಾಯಿತು. ಆದರೂ ಆ ಮನುಷ್ಯನ ಕಾಲಿಗೆ ಬೀಳಬೇಕೆನಿಸಿತು. ಅವನೇ ನನಗೆ ತಣ್ಣನೆಯ ಹಾಲು ತರಿಸಿಕೊಟ್ಟ.

ಆಮೇಲೆ ಅವನು ಮಾಡಿದ್ದು ನೋಡಿ. ಬೇರೆ ಕಡೆಯ ಕೋಸಿನ ಡಬ್ಬವೊಂದನ್ನು ಎತ್ತಿದ. ತಳ ಒದ್ದೆಯಾಗಿ ಮೆತ್ತಗಾಗಿತ್ತು, ಕೈಗೆ ರಟ್ಟಿನ ಚೂರು ಅಂಟಿತು. ಒಳಗೆ ಕೆಳಸಾಲಿನ ಕೋಸುಗಳಿಗೆ ಆಗಲೇ ಲೋಳೆ ಹಿಡಿದಿತ್ತು. ನಮ್ಮ ಡಬ್ಬ ಎತ್ತಿದ. ತಳಕ್ಕೆ ಬೆರಳಿನಿಂದ ತಟ್ಟಿದ, ಟಕಟಕ ಎಂದಿತು. ಅಧಿಕಾರಿಯ ಅಂಗೈಯನ್ನೇ ಹಿಡಿದು ತಳಕ್ಕೆ ಒತ್ತಿಸಿದ. ನಮ್ಮತ್ತೆ ಒತ್ತಿ ನೋಡಿದ ಜಾಗವೇ ಅದು. ರಾತ್ರಿಯೆಲ್ಲ ಮಳೆಯಲ್ಲಿ ಬಂದ ಮಾಲು ಒಣಗಿ ಗರಿಗರಿಯಾಗಿತ್ತು.

ಅಧಿಕಾರಿ ಗಡಿಯಾರ ನೋಡಿಕೊಂಡ. ಒಂದೂ ಮುಕ್ಕಾಲು. ರಟ್ಟಾಗಲಿ ಪುಡಿಯಾಗಲಿ ಹಡಗಿನಲ್ಲಿ ಉಳಿಯಕೂಡದು, ಪ್ರತಿಯೊಂದನ್ನೂ ಒರೆಸಿ ಹಡಗಿನ ಪ್ಲಾಸ್ಟಿಕ್ ಕ್ರೇಟಿಗೆ ತುಂಬಬೇಕು, ಮೂರು ಗಂಟೆಯೊಳಗೆ ಆಗಬೇಕು, ತನ್ನ ಜನ ಹಗ್ಗ ಮತ್ತು ಆಯಿಲ್ ಏರಿಸುವುದರಲ್ಲಿದ್ದಾರೆ, ಯಾರೂ ಸಿಗುವುದಿಲ್ಲ ಎಂದ. ಅರವತ್ತನಾಲ್ಕು ಡಬ್ಬ, ಒಂದೂ ಕಾಲು ಗಂಟೆ, ಕೈ ಮೂರು ಜೊತೆ.

"ಆಗಲ್ಲ ತನುಜ" ಎಂದ ವೆಂಕಟೇಶ್.

"ಮುಚ್ಕೊಂಡು ಬಟ್ಟೆ ತಗೋ" ಎಂದೆ. ನಾಲಿಗೆ ದಪ್ಪಗಾಗಿತ್ತು, ಆದರೂ ಅವನಿಗೆ ಅರ್ಥವಾಯಿತು. ಬೋಟಿನಲ್ಲಿ ಉಳಿದಿದ್ದ ನಮ್ಮ ಡಬ್ಬಗಳನ್ನೂ ಬಲೆಯಲ್ಲಿ ಮೇಲೆ ತರಿಸಿದ.

ಗೂಡಿನ ಮಾರ್ಕೆಟ್ಟಿಗೆ ಹೋಗುವ ಮುಂಚೆ ಮನೆಯಲ್ಲಿ ಗೂಡು ಆರಿಸುವುದಿದೆ. ಒಳ್ಳೆಯದು, ಜೋಡಿ ಗೂಡು, ಕಲೆಯಾದದ್ದು, ಸತ್ತದ್ದು. ಎರಡೂ ಕೈಯಲ್ಲಿ, ಕಣ್ಣಿಗಿಂತ ಮುಂಚೆ ಬೆರಳಿಗೆ ಗೊತ್ತಾಗಬೇಕು. ಅದನ್ನು ನಾನು ಏಳನೇ ವಯಸ್ಸಿನಿಂದ ಮಾಡಿದ್ದೇನೆ. ಹಡಗಿನ ಕಬ್ಬಿಣದ ನೆಲದ ಮೇಲೆ ಕಾಲು ಮಡಚಿ ಕೂತು ಅದೇ ಕೈಗಳನ್ನು ಬಿಟ್ಟೆ. ಎಡಗೈ ಎತ್ತುವುದು, ಬಲಗೈ ಒರೆಸುವುದು, ಜಜ್ಜಿದ್ದು ಹಿಂದಕ್ಕೆ, ಒಳ್ಳೆಯದು ಕ್ರೇಟಿಗೆ. ಅಡುಗೆಯವ ನನ್ನ ಎದುರಿಗೆ ಕೂತು ಅದೇ ತಾಳಕ್ಕೆ ಬಂದ. ವೆಂಕಟೇಶ್ ಖಾಲಿ ಡಬ್ಬಗಳನ್ನು ಚಪ್ಪಟೆ ಮಾಡಿ ಬಲೆಗೆ ಎಸೆಯುತ್ತಿದ್ದ. ಬಿಸಿಲು ನೆತ್ತಿ ಸುಡುತ್ತಿತ್ತು. ತಲೆ ಎತ್ತಿ ಸಮುದ್ರ ನೋಡಲೂ ಪುರುಸೊತ್ತಿರಲಿಲ್ಲ, ಊರಿನಲ್ಲಿ ಕೇಳಿದವರಿಗೆ ಈಗಲೂ ಸುಳ್ಳು ಹೇಳಬೇಕಾಗುತ್ತದೆ.

ಮೂರು ಗಂಟೆಗೆ ಇನ್ನೂ ಐದು ಡಬ್ಬ ಉಳಿದಿದ್ದವು. ಅಧಿಕಾರಿ ಬಂದು ನಮ್ಮ ಪಕ್ಕದಲ್ಲಿ ನಿಂತ. ನಾನು ತಲೆ ಎತ್ತಲಿಲ್ಲ. ತಲೆ ಎತ್ತಿದರೆ ಸಾಕು ಎಂದುಬಿಡುತ್ತಾನೆ ಎಂದು ಹೆದರಿಕೆ. ಅವನು ಗಡಿಯಾರ ನೋಡಿದ. ಕ್ರೇಟಿನಿಂದ ಒಂದು ದೋರೆಗಾಯಿ ಎತ್ತಿ, ತಿರುಗಿಸಿ ನೋಡಿ, ಮತ್ತೆ ಇಟ್ಟ. ಆಮೇಲೆ ಕುಕ್ಕರಗಾಲಲ್ಲಿ ಕೂತು, ಒಂದು ಬಟ್ಟೆ ತೆಗೆದುಕೊಂಡು, ತಾನೂ ಒಂದು ಡಬ್ಬ ಬಿಚ್ಚಿದ. ಅವನು ಒರೆಸುವ ರೀತಿ ನೋಡಿದರೆ ಜನ್ಮದಲ್ಲಿ ಕೋಸು ಮುಟ್ಟಿದವನಲ್ಲ. ಆದರೂ ಒರೆಸಿದ.

ಮೂರೂ ಹನ್ನೆರಡಕ್ಕೆ ಮುಗಿಯಿತು. ರಸೀದಿಗೆ ಸಹಿ ಬಿತ್ತು, ಮೊಹರು ಬಿತ್ತು. ಅಡುಗೆಯವ ಕೆಳಗೆ ಎರಡು ಸಾಲು ಬರೆದ. ಬೋಟಿಗೆ ಇಳಿದ ಮೇಲೆ ವೆಂಕಟೇಶ್ ಅದನ್ನು ಓದಿ ಹೇಳಿದ. "ಮುಂದಿನ ಸಲ ಚೆನ್ನೈಗೆ ಬಂದಾಗಲೂ ಇದೇ ಜನರ ಮಾಲು ಬೇಕು. ಪುಡಿಯನ್ನ ಚೆಲ್ಲೋ ಬದಲು ಸಣ್ಣ ಬಟ್ಟೆ ಗಂಟಲ್ಲಿ ಕಟ್ಟಿ ಹಾಕಲಿ. ಹೀಗಂತ ಬರ್ದಿದ್ದಾರೆ." ರಸೀದಿ ಮಡಚಿ ಜೇಬಿಗಿಟ್ಟುಕೊಂಡು ಅವನೇ ಹೇಳಿದ, "ಹನ್ನೊಂದನೇ ತಾರೀಖು ಇನ್ನೊಂದು ಹಡಗಿದೆ. ತೊಂಬತ್ತು ಡಬ್ಬ. ಆಗುತ್ತಾ?"

"ಆಗದೆ ಏನು" ಎಂದೆ. ಮುಖ ತಿರುಗಿಸಿ ಕಣ್ಣೊರೆಸಿಕೊಂಡೆ. ಖುಷಿಗೆ ಅಳುವುದನ್ನು ಸಹಪಾಠಿ ನೋಡಬಾರದು. ಪಾಪಯ್ಯ ಏನೂ ಕೇಳದೆ ನೀರಿನ ಬಾಟಲು ಮುಂದೆ ತಳ್ಳಿದರು.

ದಡ ಹತ್ತಿರವಾದಾಗ ಫೋನಿಗೆ ಸಿಗ್ನಲ್ ಬಂತು. ಅತ್ತೆಯ ಮೊಬೈಲಿಗೆ ಮಾಡಿದೆ. ಮೊದಲು ಚೆನ್ನಾಗಿ ಬೈದು ಆಮೇಲೆ ಉಳಿದದ್ದು ಹೇಳೋಣ ಎಂದುಕೊಂಡಿದ್ದೆ. ಮೊದಲ ರಿಂಗಿಗೇ ಅತ್ತೆ ಎತ್ತಿದರು.

"ತನೂ, ನಾನೇ ಕಣಮ್ಮ ಹಾಕಿದ್ದು. ಇವರೆಲ್ಲ ಬೇಡ ಅಂದ್ರು, ನಾನೇ ಬಲವಂತ ಮಾಡ್ದೆ. ಬೆಳಗಿಂದ ಮನಸ್ಸು ತಡೀತಿಲ್ಲ. ಮಾಲು ಬೇಡ ಅಂದ್ರಾ? ಬೈಯೋದಿದ್ರೆ ನನ್ನ ಬೈಯಿ, ಮುನಿಶಾಮಮ್ಮನ್ನ ಏನೂ ಅನ್ಬೇಡ."

ಅವರ ದನಿ ನಡುಗುತ್ತಿತ್ತು. ಹದಿನೆಂಟು ವರ್ಷದಲ್ಲಿ ಆ ದನಿ ನಾನು ಕೇಳಿರಲಿಲ್ಲ. ಬೈಗುಳ ಎಲ್ಲಿ ಹೋಯಿತೋ ಗೊತ್ತಿಲ್ಲ.

"ಎಲ್ಲಾ ತಗೊಂಡ್ರು ಅತ್ತೆ. ಬೇರೆಯವರ ಡಬ್ಬ ಒದ್ದೆಯಾಗಿತ್ತು, ನಮ್ದು ಒಣಗಿತ್ತು. ಅದನ್ನ ನೋಡೇ ತಗೊಂಡ್ರು. ಹನ್ನೊಂದಕ್ಕೆ ಇನ್ನೊಂದು ಹಡಗಂತೆ. ಮುನಿಶಾಮಮ್ಮಂಗೆ ಸೋಮವಾರ ಎಲ್ಲೂ ಹೋಗ್ಬೇಡ ಅಂತ ಹೇಳಿ." ಗಂಟಲಿಗೆ ಬಂದ ಮಾತು ಸುಟ್ಟ ನಾಲಿಗೆಯ ಮೇಲೆ ಹಾಯಲು ಸ್ವಲ್ಪ ಹೊತ್ತು ಹಿಡಿಯಿತು. "ನೀವು ಹೇಳಿದ್ದೇ ಸರಿ ಅತ್ತೆ. ನಾನು ಎಲ್ಲರ ಮುಂದೆ ಹಾಗೆ ಅನ್ಬಾರ್ದಿತ್ತು."

ಆ ಕಡೆ ಬಳೆಗಳ ಸದ್ದು, ಯಾರನ್ನೋ ಹತ್ತಿರ ಕರೆದ ಸದ್ದು.

"ಇನ್ನೊಂದ್ಸಲ ಹೇಳಮ್ಮ" ಎಂದರು ಅತ್ತೆ. "ಎಲ್ರೂ ಇಲ್ಲೇ ಕೋಣೇಲಿ ಕೂತವ್ರೆ, ಬೆಳಗಿಂದ ಒಬ್ರೂ ಮನೆಗೆ ಹೋಗಿಲ್ಲ. ತಡಿ, ಸ್ಪೀಕರ್ ಹಾಕ್ತೀನಿ."

ಹಾಕಿದರು. ಎಂಟು ಹೆಂಗಸರು ಉಸಿರು ಬಿಗಿಹಿಡಿದು ಕೂತದ್ದು ನನಗೆ ಇಲ್ಲಿಗೇ ಕೇಳಿಸಿತು. ನಾನು ಇನ್ನೊಂದು ಸಲ ಹೇಳಿದೆ, ಈ ಸಲ ಗಟ್ಟಿಯಾಗಿ.